ಗುಡಿಸಿದ ನೆಲದಲ್ಲಿ ಕಸ ಹುಡುಕಿದ ಯಂತ್ರಕ್ಕೆ

ಪ್ರಯೋಗಾಲಯದ ತಂಪು ಕೋಣೆಯಲ್ಲಿ, ಗಾಜಿನ ಬಾಗಿಲ ಹಿಂದೆ ವಿರಾಜಮಾನರಾಗಿರುವ ಮಾನ್ಯ ಯಂತ್ರ ಮಹಾಶಯರೇ,

ತಾವು ಧೂಳಿನ ಕಾಟವಿಲ್ಲದೆ, ವಿದ್ಯುತ್ತಿನ ಏರುಪೇರಿಲ್ಲದೆ ಸುಖವಾಗಿ ಗುನುಗುತ್ತಿರುವಿರೆಂದು ನಂಬಿದ್ದೇನೆ. ತಾವು ಈಚೆಗೆ ಪರೀಕ್ಷಿಸಿದ ರೋಗಿಯೊಬ್ಬರ ಸೊಸೆ ನಾನು. ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ನಡೆದ ಮೇಲೂ ಲಕ್ಷ ಜೀವಕೋಶಗಳ ನಡುವೆ ಒಂದೇ ಒಂದು ಕಳ್ಳಕೋಶ ಅಡಗಿದ್ದರೂ ತಾವು ಕತ್ತಿನ ಪಟ್ಟಿ ಹಿಡಿದು ಎಳೆದು ತರುವಿರೆಂದು ಕೇಳಿ ನಮ್ಮ ಮನೆಯವರಿಗೆಲ್ಲ ತಮ್ಮ ಮೇಲೆ ವಿಶೇಷ ಗೌರವ ಹುಟ್ಟಿತ್ತು. ಈ ವಿದ್ಯೆಯಲ್ಲಿ ತಮ್ಮ ರೋಗಿಯಾದ ನಮ್ಮ ಅತ್ತೆಯವರೂ ಕಡಿಮೆಯವರಲ್ಲ. ನಾನು ಒರೆಸಿದ ಕಪಾಟಿನ ಮೇಲೆ ಬೆರಳಾಡಿಸಿ, ನಾನು ತೊಳೆದ ಲೋಟವನ್ನು ಬೆಳಕಿಗೆ ಹಿಡಿದು, ಇರುವ ದೋಷದ ಜೊತೆಗೆ ಇಲ್ಲದ ದೋಷವನ್ನೂ ಪತ್ತೆ ಮಾಡುವ ಅವರಿಗೆ ವಿದ್ಯುತ್ತು ಕೂಡ ಬೇಕಾಗಿಲ್ಲ.

ಹೀಗಿರಲು, ರೋಗಕೋಶ ಪತ್ತೆಯಾಗಿಲ್ಲವೆಂದು ತಾವು ವರದಿ ದಯಪಾಲಿಸಿದಿರಿ. ವೈದ್ಯರು ಕೈಕುಲುಕಿ, ಔಷಧಿ ನಿಲ್ಲಿಸುವ ಮಾತಾಡಿದರು. ನನ್ನ ಗಂಡ ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಕೂತು ಅತ್ತುಬಿಟ್ಟರು. ಅತ್ತೆ ಮಾತ್ರ "ಎಲ್ಲಿ ಹುಡುಕಿದ್ರಂತೆ, ಕೇಳು" ಎಂದು ನನ್ನ ಪ್ರಾಣ ಹಿಂಡಿದ್ದರಿಂದ ತಮ್ಮ ಪ್ರಯೋಗಾಲಯಕ್ಕೆ ಫೋನು ಮಾಡಿದೆ. ಅಲ್ಲಿನ ಸಿಬ್ಬಂದಿ ಬಲು ಸೌಜನ್ಯದಿಂದ ವಿವರಿಸಿದರು: ಸೊಂಟದ ಮೂಳೆಗೆ ಸೂಜಿ ಹಾಕಿ ಮೊದಲ ಸಲ ಎಳೆದಾಗ ಬರುವುದು ರೋಗಕೋಶ ಅಡಗುವ ಗಟ್ಟಿ ಮಜ್ಜೆ, ಅದು ಹಿರಿಯ ವೈದ್ಯರ ಸೂಕ್ಷ್ಮದರ್ಶಕಕ್ಕೆ ಮೀಸಲು, ತಾವು ಇಲ್ಲಿಗೆ ಬರುವ ಮೊದಲಿನಿಂದಲೂ ಅದೇ ಪದ್ಧತಿ. ಎರಡನೇ ಸಲ ಎಳೆದಾಗ ಬರುವ, ರಕ್ತ ಬೆರೆತು ತೆಳುವಾದದ್ದು ತಮ್ಮ ಪಾಲಿಗೆ. ತಮ್ಮಂಥ ಸೂಕ್ಷ್ಮಮತಿಗೆ ಎಂಜಲು ಬಡಿಸಿ ಊಟ ಹೇಗಿತ್ತೆಂದು ಕೇಳುವ ಈ ಮರ್ಯಾದೆಗೆ ತಾವು ಒಮ್ಮೆಯೂ ಗೊಣಗದಿರುವುದು ತಮ್ಮ ದೊಡ್ಡಗುಣ.

"ಗುಡಿಸಿದ ನೆಲ ನೋಡಿ ಮನೇಲಿ ಕಸ ಇಲ್ಲ ಅಂದ್ರು. ಮಂಚದ ಕೆಳಗೆ ಬಗ್ಗಿ ನೋಡ್ಲೇ ಇಲ್ಲ" ಎಂದು ಅತ್ತೆ ತೀರ್ಪು ಕೊಟ್ಟರು.

ಆದಕಾರಣ ನನ್ನ ಬಿನ್ನಹ. ಮುಂದೆ ಇಂಥ ತೆಳುವಾದ ಮಾದರಿ ಬಂದರೆ ತಾವು ದಯಮಾಡಿ ಹೊಗೆಯುಗುಳಬೇಕು, ಮುಷ್ಕರ ಹೂಡಬೇಕು, ಅದೂ ಆಗದಿದ್ದರೆ ಇಲ್ಲದ ಹುಬ್ಬನ್ನಾದರೂ ಗಂಟಿಕ್ಕಬೇಕು. ಬಿಡುವಾದಾಗ ನಮ್ಮ ಮನೆಗೂ ದಯಮಾಡಿಸಿ, ಕಪಾಟಿನ ಮೇಲೆ ಧೂಳಿಲ್ಲವೆಂದು ಸಹಿ ಹಾಕಿ ಹೋಗಬೇಕು. ನಾಳೆ ಅತ್ತೆ ಮತ್ತೆ ಸೂಜಿಗೆ ಮೈಯೊಡ್ಡುತ್ತಾರೆ. ಹೋದ ಸಲ ನೋವಿಗೆ ದಿಂಬಿನ ಮೂಲೆಯನ್ನೇ ಕಚ್ಚಿ ಹರಿದಿದ್ದರು. ಸಾಕಷ್ಟು ಜಗಳವಾಡಿ ಈ ಸಲದ ಮೊದಲ ಎಳೆತವನ್ನು ತಮಗೇ ಮೀಸಲಿಡಿಸಿದ್ದೇವೆ. ಮುಲಾಜಿಲ್ಲದೆ ಹುಡುಕಿ. ನಾವಿಬ್ಬರೂ ಹಾವು ಮುಂಗುಸಿಯೆಂದು ಇಡೀ ಬೀದಿಗೆ ಗೊತ್ತು. ಆದರೂ ಆ ಬೆರಳು ಕಪಾಟಿನ ಮೇಲೆ ಆಡದ ಮನೆ ನನಗೆ ಬೇಡ.

ಅರ್ಧ ನಂಬಿಕೆಯನ್ನು ಇನ್ನೂ ಉಳಿಸಿಕೊಂಡಿರುವ
ತಮ್ಮ ವಿಶ್ವಾಸಿ,
ಕಪಾಟು ಒರೆಸುವ ಸೊಸೆ

ಮರೆತ ಮಾತು: ಪತ್ರ ಕಳಿಸಲು ನಾನು ತಡಮಾಡಿದ್ದರಿಂದ ತಮ್ಮ ಹೊಸ ವರದಿಯೇ ಮೊದಲು ಬಂದಿತು. ರೋಗಕೋಶಗಳು ಸಿಕ್ಕಿವೆ. ಔಷಧಿ ನಿಲ್ಲುವುದಿಲ್ಲ, ಹೊಸದೊಂದು ಸೇರುತ್ತದೆ. ಓದಿ ಹೇಳುವಾಗ ನಾನು ಒಂದೇ ಸಾಲನ್ನು ಎರಡು ಸಲ ಓದಿದೆ. ಅತ್ತೆ ಮಾತ್ರ "ಸಿಕ್ತಲ್ಲ, ಇನ್ನು ಪೊರಕೆ ತಗೊಳ್ಳಿ ಅಂತ ಡಾಕ್ಟ್ರಿಗೆ ಹೇಳು" ಎಂದರು. ಅಂದಹಾಗೆ, ಈ ಸಲ ಎರಡನೇ ಎಳೆತ ಪಡೆದ ಹಿರಿಯ ವೈದ್ಯರು, ಇದರಲ್ಲಿ ಬರೀ ರಕ್ತವಿದೆ, ಏನೂ ಕಾಣುವುದಿಲ್ಲ, ಇಂಥದ್ದನ್ನು ಕಳಿಸಿದವರು ಯಾರು ಎಂದು ಕೂಗಾಡಿದರಂತೆ. ಅವರಿಗೆ ನನ್ನ ಹೃತ್ಪೂರ್ವಕ ಸಂತಾಪ ತಿಳಿಸಿ.