ಅತ್ತೆಯ ಹಸೆ ಹಾಡಿನಲ್ಲಿ ಬ್ರಿಟಿಷ್ ಪೌಂಡು

ನಮ್ಮ ಮನೆಯಲ್ಲಿ ವೈರು ಇರುವ ವಸ್ತುಗಳೆಲ್ಲ ನನ್ನ ಇಲಾಖೆಗೆ ಸೇರಿದವು. ಮಿಕ್ಸಿ ನಿಂತರೂ ನಾನೇ, ಟಿವಿ ಮುನಿಸಿಕೊಂಡರೂ ನಾನೇ. ನಾನು ಮುಟ್ಟಿದ ಮೇಲೆ ಅವುಗಳ ಗತಿ ಏನಾಯಿತು ಎಂಬುದು ಬೇರೆ ವಿಷಯ, ಅದನ್ನು ಇಲ್ಲಿ ಕೆದಕುವುದು ಬೇಡ.

ಹೀಗಿರುವಾಗ, ಹನುಮಂತನಗರದ ಮನೆಯಲ್ಲಿ ನಮ್ಮ ಜೊತೆಗೇ ಇರುವ ನನ್ನ ಅತ್ತೆಗೆ, ಅಂದರೆ ಹೆಂಡತಿಯ ಅಮ್ಮನಿಗೆ, ಎಂಬತ್ತು ತುಂಬಿತು. ಎಂಬತ್ತರ ಶಾಂತಿಹೋಮದ ದಿನ ಬರುವ ಹೆಂಗಸರಿಗೆ ತಾಂಬೂಲದ ಜೊತೆ ಸ್ಟೀಲ್ ಬಟ್ಟಲು ಕೊಡೋಣವೆಂದರೆ ಅವರು ಒಪ್ಪಲಿಲ್ಲ.

“ಬಟ್ಟಲು ಎಲ್ಲರ ಮನೇಲೂ ರಾಶಿ ಬಿದ್ದಿದೆ. ನಮ್ಮಮ್ಮ ಕಲಿಸಿದ ಹಸೆ ಹಾಡುಗಳನ್ನ ಪುಸ್ತಕ ಮಾಡಿ ಕೊಡೋಣ. ನಾನು ಹೋದ್ಮೇಲೆ ಯಾರು ಹಾಡ್ತಾರೆ?” ಎಂದರು.

ಮದುವೆಯಲ್ಲಿ ಗಂಡನ್ನೂ ಹೆಣ್ಣನ್ನೂ ಹಸೆಮಣೆಗೆ ಕರೆಯುವ ಆ ಹಾಡುಗಳು ಅವರ ಬಾಯಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ದಿನಾ ಊಟವಾದ ಮೇಲೆ ಅವರು ಹಾಡಿದರು. ನಾನು ನನ್ನ ಹಳೆಯ ಕಂಪ್ಯೂಟರಿನಲ್ಲಿ, ಅಷ್ಟೇ ಹಳೆಯ ಕನ್ನಡ ಫಾಂಟಿನಲ್ಲಿ ಕುಟ್ಟಿದೆ. ಎಲ್ಲವನ್ನೂ ಪೆನ್‌ಡ್ರೈವಿಗೆ ತುಂಬಿಕೊಂಡು, ಬನಶಂಕರಿಯಲ್ಲಿರುವ ಗಿರೀಶನ ಪ್ರೆಸ್ಸಿಗೆ ಗತ್ತಿನಿಂದ ಹೋದೆ.

ಗಿರೀಶ ಫೈಲು ತೆರೆದ. ಮೊದಲ ಸಾಲಿನಲ್ಲಿ ಶ್ರೀ ಇರಬೇಕಾದ ಕಡೆ “²æÃ” ಎಂದಿತ್ತು! ಕೆಳಗೆ ತಲೆಯ ಮೇಲೆ ಸೊನ್ನೆ ಹೊತ್ತ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡಿನ ಗುರುತು. ನಮ್ಮ ಅತ್ತೆಯ ಹಾಡಿನಲ್ಲಿ ಇಷ್ಟೊಂದು ಬ್ರಿಟಿಷ್ ಹಣ ಅಡಗಿದೆಯೆಂದು ನನಗೆ ಗೊತ್ತೇ ಇರಲಿಲ್ಲ.

“ನಿಮ್ಮ ಕಂಪ್ಯೂಟರ್ ಕೆಟ್ಟಿದೆ” ಎಂದೆ.

“ಕಂಪ್ಯೂಟರ್ ಚೆನ್ನಾಗೇ ಇದೆ ಸಾರ್. ನಿಮ್ಮ ಫಾಂಟ್ ನಮ್ಮ ಹತ್ರ ಇಲ್ಲ ಅಷ್ಟೇ. ಯೂನಿಕೋಡ್‌ಗೆ ತಿರುಗಿಸಿಬಿಟ್ರೆ ಯಾವ ಸಿಸ್ಟಮ್‌ನಲ್ಲಾದ್ರೂ ಓದಬಹುದು. ಪೆನ್‌ಡ್ರೈವ್ ಬಿಟ್ಟೋಗಿ, ನಾವೇ ಮಾಡ್ಕೋತೀವಿ.”

ಬಿಟ್ಟು ಬರಬೇಕಿತ್ತು! ಆದರೆ ಇಲಾಖೆಯ ಮಾನದ ಪ್ರಶ್ನೆ. “ಅಯ್ಯೋ, ಅದೇನು ಮಹಾ! ನಾನೇ ಮಾಡಿ ತರ್ತೀನಿ” ಎಂದು ಎದ್ದು ಬಂದೆ.

ಮನೆಯಲ್ಲಿ ಫೈಲನ್ನು ತಿರುಗಿಸಿದೆ. ಹಾಡುಗಳು ಬಂದವು, ಆದರೆ ಒತ್ತಕ್ಷರಗಳೆಲ್ಲ ದಿಕ್ಕಾಪಾಲಾಗಿದ್ದವು. ಕೊಳೆ ಉಳಿದ ಬಟ್ಟೆಯನ್ನು ಇನ್ನೊಂದು ಸಲ ಒಗೆಯುವುದಿಲ್ಲವೇ? ಹಾಗೆಯೇ ತಿರುಗಿಸಿದ್ದನ್ನೇ ಮತ್ತೆ ತಿರುಗಿಸಿದೆ. ಹಳೆಯ ಫೈಲಿನ ಮೇಲೆಯೇ ಉಳಿಸಲೇ ಎಂದು ಕಂಪ್ಯೂಟರ್ ವಿನಯದಿಂದ ಕೇಳಿತು. ನಾನೂ ಅಷ್ಟೇ ವಿನಯದಿಂದ ಹೂಂ ಎಂದೆ. ಅಷ್ಟಕ್ಕೆ ಸುಮ್ಮನಿರದೆ, ಇರಲಿ ಮುನ್ನೆಚ್ಚರಿಕೆ ಎಂದು ಅದನ್ನೇ ಪೆನ್‌ಡ್ರೈವಿಗೂ ಹಾಕಿ, ಅಲ್ಲಿದ್ದ ಹಳೆಯದನ್ನು ಅಳಿಸಿದೆ. ಇದಕ್ಕೆ ಬ್ಯಾಕಪ್ ಎನ್ನುತ್ತಾರೆ.

ಆಮೇಲೆ ತೆರೆದು ನೋಡಿದೆ. ಪುಟದ ತುಂಬ ಬರೀ ಖಾಲಿ ಚೌಕಗಳು! ಪತ್ರಿಕೆಯ ಪದಬಂಧ ಇದಕ್ಕಿಂತ ವಾಸಿ, ಅದರಲ್ಲಿ ಸುಳಿವಾದರೂ ಇರುತ್ತದೆ.

ನನ್ನ ಹೆಂಡತಿ ವೀಣಾ ಹಿಂದೆ ಬಂದು ನಿಂತಳು.

“ರೀ, ಏನ್ ಮಾಡಿದ್ರಿ?”

“ಎಲ್ಲಾ ಕಂಪ್ಯೂಟರಲ್ಲೂ ಒಂದೇ ಥರ ಕಾಣೋ ಹಾಗೆ ಮಾಡ್ತಿದ್ದೆ.”

“ಆಯ್ತಲ್ಲ! ಈಗ ಎಲ್ಲೂ ಓದಕ್ಕಾಗಲ್ಲ.”

ಶಾಂತಿಗೆ ಉಳಿದದ್ದು ಒಂದೇ ವಾರ. ಅತ್ತೆಯ ಮುಂದೆ ನಿಂತು ವಿಷಯ ಹೇಳುವಾಗ ನನಗೆ ನಿಜವಾಗಿ ನಾಚಿಕೆಯಾಯಿತು. ಅವರು ಬಿಡಿಸುತ್ತಿದ್ದ ಅವರೆಕಾಯಿ ಪಕ್ಕಕ್ಕಿಟ್ಟು, “ಅಷ್ಟೇ ತಾನೆ? ಹಾಡು ನನ್ನ ಹತ್ರ ಇದೆಯಲ್ಲ. ಕೂತ್ಕೊಳ್ಳಿ ಅಳಿಯಂದ್ರೆ, ಮತ್ತೆ ಹಾಡ್ತೀನಿ” ಎಂದರು.

ನಾನು ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ವೀಣಾ ಅಡ್ಡ ಬಂದಳು. “ಅಮ್ಮಾ, ಅವರು ಬೇಡ!”

ಅವಳು ತನ್ನ ಫೋನಿನಲ್ಲೇ ಬರೆದುಕೊಂಡಳು. ನನಗೆ ಕಾಫಿ ಖಾತೆ ವಹಿಸಲಾಯಿತು. ಒಂದು ಹಾಡಿನ ನಡುವೆ ಅತ್ತೆ ತಟ್ಟನೆ ನಿಂತರು. “ಮುಂದಿನ ಸಾಲು ಮರ್ತೋಯ್ತಲ್ಲೇ” ಎಂದರು. ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದ ನಾನು ಬಾಗಿಲಿಗೆ ಓಡಿ ಬಂದೆ. ಆ ಸಾಲನ್ನು ನಾನೇ ಕೈಯಾರೆ ಚೌಕ ಮಾಡಿ ಕೂತಿದ್ದೆ! ಅತ್ತೆ ಕಣ್ಣು ಮುಚ್ಚಿ ಹಾಡನ್ನು ಮೊದಲಿನಿಂದ ಎತ್ತಿಕೊಂಡರು. ಆ ಜಾಗ ಬಂದಾಗ ಸಾಲು ತಾನಾಗಿ ಬಂತು. ಹಾಲು ಉಕ್ಕಿ ಒಲೆಯೆಲ್ಲ ಹರಿದಿದ್ದು ನನಗೆ ಆಮೇಲೆ ಗೊತ್ತಾಯಿತು.

ವೀಣಾ ಎಲ್ಲವನ್ನೂ ವಾಟ್ಸಾಪ್‌ನಲ್ಲಿ ಗಿರೀಶನಿಗೆ ಕಳಿಸಿದಳು. ಅವನ ಕಂಪ್ಯೂಟರಿನಲ್ಲಿ ಹಾಡುಗಳು ಒಂದು ಒತ್ತೂ ಕದಲದೆ ತೆರೆದುಕೊಂಡವು.

ಶಾಂತಿಯ ದಿನ ಹೆಂಗಸರೆಲ್ಲ ಪುಸ್ತಕ ಹಿಡಿದು ಅತ್ತೆಯ ಜೊತೆ ದನಿಗೂಡಿಸಿದರು. ಅತ್ತೆಯ ಕಣ್ಣು ತುಂಬಿತ್ತು. ನಾನು ತಾಂಬೂಲದ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದೆ.

“ಎಷ್ಟು ಚೆನ್ನಾಗಿ ಬಂದಿದೆ! ಯಾರು ಮಾಡಿದ್ದು?” ಎಂದು ಎದುರುಮನೆಯ ಆಂಟಿ ಕೇಳಿದರು.

“ನಮ್ಮ ವೀಣಾ. ಅಳಿಯಂದ್ರೂ ತುಂಬಾ ಸಹಾಯ ಮಾಡಿದ್ರು” ಎಂದರು ಅತ್ತೆ. ನಾನು ಎದೆಯುಬ್ಬಿಸಿದೆ.

“ಹೌದಾ? ಅವರೇನು ಮಾಡಿದ್ರು?”

“ಎರಡನೇ ಸಲ ಕಂಪ್ಯೂಟರ್ ಮುಟ್ಟಲಿಲ್ಲ!”