ಗಾಡಿ ನೋಡಲು ಬಂದವರು ನೀರು ಕೇಳಿದರು

ಒಬ್ಬೊಬ್ಬರ ಮರ್ಯಾದೆ ಒಂದೊಂದು ಕಡೆ ಇರುತ್ತದೆ. ಕೆಲವರಿಗೆ ಮೀಸೆಯಲ್ಲಿ, ಕೆಲವರಿಗೆ ಕೂರುವ ಕುರ್ಚಿಯಲ್ಲಿ. ನನ್ನದು ಎಡಗಿವಿಯಲ್ಲಿತ್ತು. (ಬಲಗಿವಿಯನ್ನು ಮದುವೆಯಾದ ದಿನವೇ ಹೆಂಡತಿಗೆ ಬಿಟ್ಟುಕೊಟ್ಟಿದ್ದೇನೆ.) ನಮ್ಮ ಕಚೇರಿಯಲ್ಲಿ ಯಾರು ಹಳೆಯ ಬೈಕು ಕೊಳ್ಳಬೇಕೆಂದರೂ ಮೊದಲು ಟಪಾಲು ವಿಭಾಗಕ್ಕೆ ಬಂದು ನನ್ನ ಮೇಜಿನ ಮುಂದೆ ವಿನಯದಿಂದ ಕೆಮ್ಮುತ್ತಿದ್ದರು. ನಾನು ಅವರ ಜೊತೆ ಹೋಗಿ, ಗಾಡಿ ಸ್ಟಾರ್ಟ್ ಮಾಡಿಸಿ, ಕಣ್ಣು ಮುಚ್ಚಿ, ಎಡಗಿವಿಯನ್ನು ಇಂಜಿನ್ನಿನ ಕಡೆ ವಾಲಿಸಿ, ನಾಡಿ ಹಿಡಿದ ವೈದ್ಯರ ಹಾಗೆ ಸ್ವಲ್ಪ ಹೊತ್ತು ನಿಲ್ಲುತ್ತಿದ್ದೆ. ಆಮೇಲೆ "ಪಿಸ್ಟನ್ ಗಟ್ಟಿಮುಟ್ಟು. ಕ್ಲಚ್ಚಿಗೆ ಸ್ವಲ್ಪ ಆಯಾಸ" ಎಂದು ತೀರ್ಪು ಕೊಡುತ್ತಿದ್ದೆ. ಕೊಳ್ಳುವವನೂ ಮಾರುವವನೂ ಒಟ್ಟಿಗೇ ತಲೆಯಾಡಿಸುತ್ತಿದ್ದರು.

ಇದೇ ದಿವ್ಯ ಶ್ರವಣಶಕ್ತಿಯಿಂದ ಆರಿಸಿ ತಂದ ನನ್ನ ಸ್ವಂತ ಬೈಕು ಮನೆಯಲ್ಲಿದ್ದದ್ದಕ್ಕಿಂತ ಮೆಕ್ಯಾನಿಕ್ಕಿನ ಶೆಡ್ಡಿನಲ್ಲಿದ್ದದ್ದೇ ಹೆಚ್ಚು ಎಂಬ ಮಾತನ್ನು ದಯವಿಟ್ಟು ಎತ್ತಬೇಡಿ. ಡಾಕ್ಟರಿಗೂ ನೆಗಡಿ ಬರುತ್ತದೆ. ಒಂದು ವಾರ ನಾನು ಆ ಕಡೆ ಸುಳಿಯದಿದ್ದರೆ ಮೆಕ್ಯಾನಿಕ್ ಫೋನ್ ಮಾಡಿ, "ಸರ್, ಮನೇಲಿ ಎಲ್ಲ ಆರೋಗ್ಯವಾಗಿದ್ದೀರಾ?" ಎಂದು ಗಾಬರಿಯಿಂದ ವಿಚಾರಿಸುತ್ತಿದ್ದ. ಕಾರ್ಬುರೇಟರ್, ಕ್ಲಚ್ ಪ್ಲೇಟು, ಚೈನು, ವೈರಿಂಗು ಎಂದು ಸರದಿಯ ಮೇಲೆ ಎಲ್ಲವೂ ಬದಲಾದವು.

"ನೀವು ತಂದಾಗ ಇದ್ದದ್ದು ಏನಾದ್ರೂ ಅದರಲ್ಲಿ ಉಳಿದಿದೆಯೇನ್ರೀ?" ಎಂದು ಹೆಂಡತಿ ಒಮ್ಮೆ ಕೇಳಿದಳು.

"ನಂಬರ್ ಪ್ಲೇಟು."

"ಪಾಪ, ಅದೊಂದು ಹೇಗೋ ತಪ್ಪಿಸ್ಕೊಂಡಿದೆ."

ಹೀಗಾಗಿ ಮನೆಯ ಉಳಿದ ರಿಪೇರಿಗಳಿಗೆ ನನ್ನ ಬಳಿ ಹಣವೂ ಉಳಿಯುತ್ತಿರಲಿಲ್ಲ, ಉತ್ಸಾಹವೂ ಉಳಿಯುತ್ತಿರಲಿಲ್ಲ. ಅಡುಗೆಮನೆಯ ನಲ್ಲಿ ಕೊರಳಿಗೆ ಬಟ್ಟೆ ಸುತ್ತಿಕೊಂಡು ಕೆಳಗಿನ ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು. ಮುಂಬಾಗಿಲು ಜೋತುಬಿದ್ದು ನೆಲ ಕೆರೆಯುತ್ತಿದ್ದುದರಿಂದ, ಒಳಗೆ ಬರುವವರು ಅದನ್ನು ಭುಜದಿಂದ ಎತ್ತಿ ಕಾಲಿನಿಂದ ಒದೆಯಬೇಕಿತ್ತು. ಹಾಲಿನ ಕುರ್ಚಿಯೊಂದರ ನಾಲ್ಕನೇ ಕಾಲಿನ ಉದ್ಯೋಗವನ್ನು ಒಂದು ಇಟ್ಟಿಗೆ ವಹಿಸಿಕೊಂಡಿತ್ತು. ಬೆಳಿಗ್ಗೆ ಎದ್ದೊಡನೆ ಹೆಂಡತಿ "ರೀ, ನಲ್ಲಿ" ಎನ್ನುತ್ತಿದ್ದಳು, ನಾನು "ನೋಡೋಣ" ಎನ್ನುತ್ತಿದ್ದೆ. ಇದು ನಮ್ಮ ದಾಂಪತ್ಯದ ಸುಪ್ರಭಾತ.

ಎಲ್ಲ ಕೆಟ್ಟದ್ದು ನನ್ನ ಭಾವಮೈದುನನಿಂದ. ಅವನಿಗೆ ಒಂದು ಸೆಕೆಂಡ್ ಹ್ಯಾಂಡ್ ಬೈಕು ಬೇಕಾಗಿತ್ತು. ಭಾವನ ಕಿವಿ ಮನೆಯಲ್ಲೇ ಇರುವಾಗ ಹೊರಗಿನವರೇಕೆ? ಒಂದು ಭಾನುವಾರ ಹೊರಟೆವು. ದಾರಿಯಲ್ಲಿ ಏನೋ ಕೊಳ್ಳುವುದಿದೆ ಎಂದು ಹೆಂಡತಿಯೂ ಜೊತೆಗೆ ಬಂದಳು.

ಗಾಡಿ ಥಳಥಳ ಹೊಳೆಯುತ್ತಿತ್ತು. ಮೊದಲ ಕಿಕ್ಕಿಗೇ ಎದ್ದು ಹದವಾಗಿ ಗುರುಗುಟ್ಟಿತು. ನಾನು ಕಣ್ಣು ಮುಚ್ಚಿದೆ, ಕಿವಿ ವಾಲಿಸಿದೆ. "ಚಿನ್ನದಂಥ ಗಾಡಿ ಕಣೋ" ಎನ್ನುವಷ್ಟರಲ್ಲಿ ಹೆಂಡತಿ ಆ ಮನೆಯಾಕೆಯ ಹತ್ತಿರ "ಒಂದು ಲೋಟ ನೀರು ಕೊಡ್ತೀರಾ?" ಎಂದು ಕೇಳಿ ಒಳಗೆ ಹೋದಳು. ಹೊರಗೆ ಬಂದವಳು ತಮ್ಮನ ತೋಳು ಚಿವುಟಿ, "ಬೇಡ. ನಡಿ" ಅಂದಳು.

"ಯಾಕೆ ಬೇಡ?" ಬೀದಿ ತಿರುಗುತ್ತಲೇ ನಾನು ರೇಗಿದೆ. "ಇಂಜಿನ್ ಶಬ್ದ ಕೇಳಿದೆಯಾ ನೀನು?"

"ಇಂಜಿನ್ ಕೇಳಲಿಲ್ಲ. ಅಡುಗೆಮನೆ ನೋಡಿದೆ. ಸ್ವಿಚ್ ಬೋರ್ಡು ಕಳಚಿ ನೇತಾಡ್ತಿದೆ, ಕಿಟಕಿಗೆ ಚಿಲಕದ ಬದಲು ತಂತಿ ಬಿಗಿದಿದ್ದಾರೆ, ನಲ್ಲಿಗೆ ಬಟ್ಟೆ ಸುತ್ತಿದ್ದಾರೆ. ದಿನಾ ಕಣ್ಣಿಗೆ ಬೀಳೋ ನಲ್ಲೀನೇ ರಿಪೇರಿ ಮಾಡಿಸದೋನು ಕಣ್ಣಿಗೆ ಕಾಣದ ಇಂಜಿನ್ ಆಯಿಲ್ ಬದಲಾಯಿಸಿರ್ತಾನಾ?"

"ನಲ್ಲಿಗೂ ಗಾಡಿಗೂ ಏನೇ ಸಂಬಂಧ?"

"ಎರಡಕ್ಕೂ ಯಜಮಾನ ಒಬ್ಬನೇ ಅಲ್ವಾ?"

ಭಾವಮೈದುನ ಕಿಸಕ್ಕನೆ ನಕ್ಕ. ನಾನು ನಗಲಿಲ್ಲ. (ನಲ್ಲಿಯ ಪ್ರಸ್ತಾಪ ಬಂದಾಗ ನಾನು ಸಾಮಾನ್ಯವಾಗಿ ನಗುವುದಿಲ್ಲ.)

ಎರಡನೆಯದು ಒಬ್ಬ ನಿವೃತ್ತ ಮೇಷ್ಟ್ರ ಗಾಡಿ. ಮೈತುಂಬಾ ಧೂಳು. ಸ್ಟಾರ್ಟ್ ಮಾಡಿದರೆ ಕೆಮ್ಮಿ, ಉಗುಳಿ, ಮತ್ತೆ ಕೆಮ್ಮಿತು. "ಇದು ಗಾಡಿಯಲ್ಲ, ಜನರಲ್ ವಾರ್ಡು" ಎಂದೆ. ಹೆಂಡತಿ ನೀರು ಕುಡಿದು ಬಂದಳು.

"ತಗೋ" ಎಂದಳು ತಮ್ಮನಿಗೆ. "ಮೇಷ್ಟ್ರು ಟಾರ್ಚು ಕೆಡಬಾರದು ಅಂತ ಸೆಲ್ಲು ತೆಗೆದು ಪಕ್ಕದಲ್ಲಿ ಇಟ್ಟಿದ್ದಾರೆ. ಕೊಡೆಯ ಕಡ್ಡಿ ಬಿಟ್ಟ ಕಡೆ ದಾರ ಹಾಕಿ ಹೊಲಿದಿದ್ದಾರೆ. ಒಂದು ಬಾಗಿಲೂ ಕಿರ್ ಅನ್ನಲ್ಲ. ಕಣ್ಣು ಮುಚ್ಚಿ ತಗೋ."

"ಕಣ್ಣು ಮುಚ್ಚೋದು ನಮ್ಮ ಪದ್ಧತಿ" ಎಂದು ನಾನು ಗೊಣಗಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಮೆಕ್ಯಾನಿಕ್ ಆ ಗಾಡಿಗೆ ಒಂದು ಪ್ಲಗ್ ಹಾಕಿ, ಕಾರ್ಬುರೇಟರ್ ತೊಳೆದ. ಅಷ್ಟೇ. ಅದು ಇವತ್ತಿಗೂ ಕುದುರೆಯ ಹಾಗೆ ಓಡುತ್ತಿದೆ. ಇನ್ನು ಆ ಮೊದಲನೆಯ ಚಿನ್ನ ಕೈತಪ್ಪಬಾರದೆಂಬ ಸದುದ್ದೇಶದಿಂದ ಅದನ್ನು ನಾನು ನಮ್ಮ ಕಚೇರಿಯ ಕ್ಯಾಷಿಯರಿಗೆ ಕೊಡಿಸಿದ್ದೆ. ಹದಿನೈದು ದಿನವೂ ಆಗಿರಲಿಲ್ಲ, ಅದು ದಟ್ಟವಾಗಿ ಹೊಗೆ ಕಾರುತ್ತಾ ಕಚೇರಿಯ ಗೇಟಿನ ಮುಂದೆ ಬಂದು ನಿಂತದ್ದು ನಿಂತೇ ಹೋಯಿತು. ಅಂದಿನಿಂದ ಆ ಕ್ಯಾಷಿಯರ್ ನಾನು ಕೊಟ್ಟ ಬಿಲ್ಲನ್ನು ಕಿವಿಗೆ ಹಿಡಿದು, ಕಣ್ಣು ಮುಚ್ಚಿ, "ಇದರ ಪಿಸ್ಟನ್ ಸರಿಯಿಲ್ಲ" ಎಂದು ವಾಪಸ್ಸು ಕಳಿಸತೊಡಗಿದ.

ಸುದ್ದಿ ಹರಡಲು ಇನ್ನೇನು ಬೇಕು? ಜನ ಈಗಲೂ ನನ್ನ ಮೇಜಿನ ಮುಂದೆ ಬಂದು ಕೆಮ್ಮುತ್ತಿದ್ದರು. ಆದರೆ ಕೇಳುತ್ತಿದ್ದ ಪ್ರಶ್ನೆ ಬೇರೆ: "ಈ ಭಾನುವಾರ ಮೇಡಂ ಬಿಡುವಾಗಿದ್ದಾರಾ?" ಹೆಂಡತಿ ಹೋದಳು, ಕಂಡಕಂಡವರ ಮನೆಯಲ್ಲಿ ನೀರು ಕುಡಿದಳು, ತೀರ್ಪು ಕೊಟ್ಟಳು. ಕೇಳಿದವರಿಗೆಲ್ಲ ವಿದ್ಯೆಯನ್ನೂ ಧಾರಾಳವಾಗಿ ಹಂಚಿದಳು. ನನಗೆ ಉಳಿದದ್ದು ಅವಳನ್ನು ಕರೆದುಕೊಂಡು ಹೋಗುವ ಕೆಲಸ. ಅದೂ ನನ್ನ ಬೈಕು ಶೆಡ್ಡಿನಲ್ಲಿಲ್ಲದ ದಿನ ಮಾತ್ರ. ನಿಜ ಹೇಳುತ್ತೇನೆ, ನನಗೆ ಹೊಟ್ಟೆ ಉರಿಯಿತು.

ಕಚೇರಿಯಿಂದ ಬರುವ ದಾರಿಯಲ್ಲಿ ಒಂದು ಶೋರೂಮಿದೆ. ಅದರ ಗಾಜಿನ ಹಿಂದೆ ಒಂದು ಕೆಂಪು ಬೈಕು. ದಿನಾ ಸಂಜೆ ಅದರ ಮುಂದೆ ನಿಂತು ನಿಟ್ಟುಸಿರುಬಿಟ್ಟು ಬರುತ್ತಿದ್ದ ನನಗೆ ಒಂದು ಸಂಜೆ ಬುದ್ಧಿ ಹೊಳೆಯಿತು. ನನ್ನ ಗಾಡಿಯನ್ನು ಒಳ್ಳೆಯ ಬೆಲೆಗೆ ಮಾರಿದರೆ ಕೆಂಪು ಬೈಕೂ ಬಂತು, ಹೋದ ಮರ್ಯಾದೆಯೂ ಬಂತು. ಕಿವಿಯಿಂದ ಕೊಂಡ ಗಾಡಿ ಲಾಭಕ್ಕೆ ಹೋಯಿತೆಂದರೆ ಆ ಕ್ಯಾಷಿಯರ್ ಬಾಯಿ ಮುಚ್ಚಲೇಬೇಕು.

ಮೆಕ್ಯಾನಿಕ್ ಗಾಡಿಯನ್ನು ಬಿಚ್ಚಿ, ತೊಳೆದು, ಜೋಡಿಸಿ, ಪಾಲಿಶ್ ಹಚ್ಚಿಕೊಟ್ಟ. "ಒಂದು ವಾರ ಉಸಿರೆತ್ತಲ್ಲ ಸರ್. ಅಷ್ಟರಲ್ಲಿ ಕೈ ಬದಲಾಯಿಸಿಬಿಡಿ" ಎಂದ. ಹೇಳುವಾಗ ಅವನ ಕಣ್ಣು ಒದ್ದೆಯಾಗಿತ್ತು. ನನ್ನಂಥ ಗಿರಾಕಿ ದಿನಾ ಸಿಗುತ್ತಾನೆಯೇ?

ಒಬ್ಬ ಟೈಲರ್ ತಾಯಿಯನ್ನು ಕರೆದುಕೊಂಡು ಭಾನುವಾರ ಗಾಡಿ ನೋಡಲು ಬರುವುದೆಂದು ನಿಶ್ಚಯವಾಯಿತು. ಶುಕ್ರವಾರ ಸಂಜೆ ನಾನು ಸೀಟು ಒರೆಸುತ್ತಾ ಸಿಳ್ಳೆ ಹಾಕುತ್ತಿದ್ದಾಗ ಹೆಂಡತಿ ಬಾಗಿಲಿಗೆ ಒರಗಿ ನಿಂತು ಮೆಲ್ಲಗೆ ಕೇಳಿದಳು:

"ಅಲ್ಲರೀ, ಬಂದೋರು ನೀರು ಕೇಳಿದ್ರೆ?"

ಸಿಳ್ಳೆ ನಿಂತಿತು. ಅಡುಗೆಮನೆಯಿಂದ ಟಪ್, ಟಪ್ ಎಂದು ನಲ್ಲಿ ನನ್ನನ್ನು ಹಂಗಿಸುತ್ತಿರುವುದು ಕೇಳಿಸಿತು.

ಶನಿವಾರ ನಾನು ರಜೆ ಹಾಕಿದೆ. ಆ ದಿನ ನಮ್ಮ ಮನೆಯಲ್ಲಿ ನಡೆದ ಜೀರ್ಣೋದ್ಧಾರವನ್ನು ಏನೆಂದು ವರ್ಣಿಸಲಿ! ಪ್ಲಂಬರ್ ಬಂದು ಹೊಸ ನಲ್ಲಿ ಕೂರಿಸಿದ. ಬಡಗಿ ಬಂದು ಮುಂಬಾಗಿಲನ್ನು ಎತ್ತಿ ನಿಲ್ಲಿಸಿ, ಕುರ್ಚಿಗೆ ಕಾಲು ಕೊಟ್ಟ. ಚಿಲಕ, ಸ್ವಿಚ್ಚು, ಮೊಳೆಗಳನ್ನು ನಾನೇ ನೋಡಿಕೊಂಡೆ. (ಹೆಬ್ಬೆರಳು ಈಗ ಪರವಾಗಿಲ್ಲ.) ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಹಿಂದೆ ಹಿಂದೆಯೇ ಬರುತ್ತಿದ್ದಳು.

"ಬಚ್ಚಲ ಮೊಳೆ ಸಡಿಲ ಇದೆ."

"ಬಚ್ಚಲಲ್ಲಿ ಯಾರೇ ನೀರು ಕುಡೀತಾರೆ?"

"ಕೈ ತೊಳೀಬೇಕು ಅಂದ್ರೆ? ಆಮೇಲೆ ಅಟ್ಟದ ಬಾಗಿಲು."

"ಗಾಡಿ ಕೊಳ್ಳೋರು ಅಟ್ಟ ಯಾಕೆ ಹತ್ತುತ್ತಾರೆ?"

"ನಾನು ಹತ್ತಿದ್ದೀನಿ."

ಅಟ್ಟದ ಬಾಗಿಲೂ ಆಯಿತು. ಸಂಜೆ ಮೈಕೈ ನೋವಿನಲ್ಲಿ ಕೂತಾಗ ಮನೆ ಅದೆಷ್ಟು ನಿಶ್ಶಬ್ದವಾಗಿತ್ತೆಂದರೆ, ಏನೋ ಕಳೆದುಹೋದಂತೆ ಎಡಗಿವಿ ಚಡಪಡಿಸಿತು. ಹೆಂಡತಿ ನಲ್ಲಿಯನ್ನು ತಿರುಗಿಸಿ, ನಿಲ್ಲಿಸಿ, ಮತ್ತೆ ತಿರುಗಿಸಿ ನೋಡುತ್ತಿದ್ದಳು. ಅವಳ ಮುಖ ನೋಡಿ, ಇದನ್ನು ಮುಂಚೆಯೇ ಮಾಡಿಸಬಹುದಿತ್ತಲ್ಲ ಎನಿಸಿ ನನಗೆ ಸ್ವಲ್ಪ ನಾಚಿಕೆಯಾಯಿತು.

ಭಾನುವಾರ ಟೈಲರ್ ಬಂದ. ಗಾಡಿ ಮೊದಲ ಕಿಕ್ಕಿಗೇ ಎದ್ದಿತು. ಅವನು ಒಂದು ಸುತ್ತು ಹೊಡೆದು ಬಂದು, ಟ್ಯಾಂಕನ್ನು ರೇಷ್ಮೆ ಬಟ್ಟೆಯೆಂಬಂತೆ ಸವರಿದ. ನಾನು ಹೇಳಿದ ಬೆಲೆಗೆ ಚೌಕಾಸಿಯನ್ನೇ ಮಾಡಲಿಲ್ಲ. ಅಡ್ವಾನ್ಸ್ ಕೊಡಲು ಕೈ ಜೇಬಿಗೆ ಹೋಯಿತು. ನನ್ನ ಕಣ್ಣ ಮುಂದೆ ಕೆಂಪು ಬೈಕು ಗಾಜು ಒಡೆದುಕೊಂಡು ಹೊರಗೆ ಬಂತು.

"ಇರು ಮಗಾ" ಅಂದರು ಅವನ ತಾಯಿ. "ಬಾಯಾರಿಕೆ ಆಗಿದೆ. ಒಂದು ಲೋಟ ನೀರು ಸಿಗುತ್ತಾ?"

ಈ ಮಾತಿಗಾಗಿಯೇ ಕಾದಿದ್ದ ನಾನು, "ಅದಕ್ಕೇನಮ್ಮಾ, ಒಳಗೇ ಬನ್ನಿ!" ಎಂದು ಸಡಗರದಿಂದ ಮುಂದೆ ಹೋದೆ. ಹೋದವನು, ಎಷ್ಟೋ ವರ್ಷಗಳ ರೂಢಿಯಂತೆ, ಬಾಗಿಲಿಗೆ ಭುಜ ಕೊಟ್ಟು ಎತ್ತಿ, ಬುಡಕ್ಕೆ ಒಂದು ಒದೆ ಕೊಟ್ಟೆ. ಈಗ ಬೆರಳು ತಾಕಿದರೂ ತೆರೆಯುತ್ತಿದ್ದ ಬಾಗಿಲು ಫಟಾರನೆ ಗೋಡೆಗೆ ಬಡಿಯಿತು. ನಾನು ಅದರ ಹಿಂದೆಯೇ ಹಾಲಿನ ನಡುವಿನವರೆಗೆ ಹಾರಿಹೋಗಿ ಕುರ್ಚಿಯ ಮೇಲೆ ಕುಸಿದೆ. ಕುಸಿದವನು ಸುಮ್ಮನೆ ಕೂರಬಾರದೇ? ಈಗಿಲ್ಲದ ಇಟ್ಟಿಗೆ ಜಾರೀತೆಂದು ಮೈ ತಾನಾಗಿಯೇ ಎಡಕ್ಕೆ ವಾಲಿತು.

ಟೈಲರನ ತಾಯಿ, ಆ ಅಜ್ಜಿ, ನನ್ನ ಹಿಂದೆಯೇ ಒಳಗೆ ಬಂದರು. ಇಟ್ಟಿಗೆ ಎತ್ತಿದ ಜಾಗದಲ್ಲಿ ನೆಲದ ಮೇಲೆ ಉಳಿದಿದ್ದ ಚೌಕದ ಗುರುತನ್ನೊಮ್ಮೆ ನೋಡಿದರು. ಅಡುಗೆಮನೆಯಲ್ಲಿ ಹೆಂಡತಿ ಲೋಟ ತುಂಬಿಸಿದಳು, ನಲ್ಲಿ ನಿಲ್ಲಿಸಿದಳು, ನಿಲ್ಲಿಸಿದ ನಲ್ಲಿಯ ಕೆಳಗೆ ಬಕೆಟ್ಟನ್ನು ಕಾಲಿನಿಂದ ಸರಿಸಿಟ್ಟಳು. ಹೊಳೆಯುವ ನಲ್ಲಿಯ ಕೆಳಗೆ ಗೋಡೆಯುದ್ದಕ್ಕೂ ನೀರು ಇಳಿದಿಳಿದು ಬಿದ್ದ ಹಳೆಯ ಬಿಳಿ ಕಲೆ. ಅಜ್ಜಿ ಅದನ್ನೂ ನೋಡುತ್ತಾ, ಗುಟುಕು ಗುಟುಕಾಗಿ ನೀರು ಕುಡಿದು ಮುಗಿಸಿದರು.

"ನೀರು ಚೆನ್ನಾಗಿದೆ. ನಡಿ ಮಗಾ, ಹೋಗೋಣ."

"ಯಾಕಮ್ಮಾ?" ನಾನು ಅಡ್ಡ ನಿಂತೆ. "ಮನೇಲಿ ಏನಾದ್ರೂ ಸರಿ ಇಲ್ವಾ?"

"ಎಲ್ಲ ಸರಿಯಾಗಿದೆ ಕಣಪ್ಪಾ. ಎಲ್ಲ ನಿನ್ನೆ ಸರಿಯಾಗಿದೆ. ಬಾಗಿಲು ನೆಟ್ಟಗಾಗಿರೋದು ನಿನ್ನ ಭುಜಕ್ಕೇ ಇನ್ನೂ ಗೊತ್ತಿಲ್ಲ. ಮನೇನ ಹೀಗೆ ಒಂದೇ ದಿನದಲ್ಲಿ ರಿಪೇರಿ ಮಾಡಿಸಿದೋನು ಗಾಡೀನೂ ಹಾಗೇ ಮಾಡಿಸಿರ್ತೀಯ. ಬೇಜಾರು ಮಾಡ್ಕೋಬೇಡ. ಈ ನೀರು ಕೇಳೋ ವಿದ್ಯೆ ನಿಮ್ಮ ಮನೆಯವರೇ ಹೇಳಿಕೊಟ್ಟಿದ್ದು. ನಮ್ಮ ತಂಗಿ ಮಗನಿಗೆ ಗಾಡಿ ನೋಡೋಕೆ ಬಂದಿದ್ರಲ್ಲ, ಆಗ ಕಲಿತೆ."

ಟೈಲರ್ ಟ್ಯಾಂಕನ್ನು ಕೊನೆಯ ಸಲ ಸವರಿ ತಾಯಿಯ ಹಿಂದೆ ಹೊರಟುಹೋದ. ನಾನು ಸಿಟ್ಟಿನಿಂದ ಗಾಡಿಗೆ ಒಂದು ಕಿಕ್ ಹೊಡೆದೆ. ಏಳಲಿಲ್ಲ. ಮತ್ತೆ ಹೊಡೆದೆ. ಒಂದು ಕೆಮ್ಮೂ ಇಲ್ಲ. ಮೆಕ್ಯಾನಿಕ್ ಕೊಟ್ಟಿದ್ದ ವಾರದ ಭರವಸೆ ಭಾನುವಾರಕ್ಕೇ ಮುಗಿದಿತ್ತು. ಅಷ್ಟರಲ್ಲಿ ಅವನದೇ ಫೋನು.

"ಸರ್, ಗಾಡಿ ಹೋಯ್ತಾ?"

"ಇಲ್ಲ."

"ಅಬ್ಬಾ!" ಎಂದವನು ತಡವರಿಸಿ, "ಅಂದ್ರೆ... ಛೇ, ಅಯ್ಯೋ ಪಾಪ ಸರ್" ಎಂದ.

ಹೆಂಡತಿ ಕಾಫಿ ತಂದು ಕೈಗಿತ್ತು ನನ್ನ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತಳು.

"ಹೋಗಲಿ ಬಿಡಿ. ಮನೇನ ಒಂದೆರಡು ವರ್ಷ ಹೀಗೇ ಇಟ್ಕೊಳ್ಳಿ. ನಲ್ಲಿ ಸ್ವಲ್ಪ ಹಳೇದಾಗಲಿ, ಬಾಗಿಲು ನಿಮಗೆ ಅಭ್ಯಾಸ ಆಗಲಿ. ಆಮೇಲೆ ಗಾಡಿ ಮಾರೋಣ."

ಅವಳ ದನಿಯಲ್ಲಿ ಸಂತಾಪಕ್ಕಿಂತ ಸಮಾಧಾನವೇ ಹೆಚ್ಚಿದ್ದಂತೆ ನನ್ನ ಎಡಗಿವಿಗೆ ಕೇಳಿಸಿತು. ಎಷ್ಟಾದರೂ ಪಳಗಿದ ಕಿವಿ.

"ನಿಜ ಹೇಳು. ಎಲ್ಲ ಹೊಸದಾಗಿದ್ರೆ ಸಿಕ್ಕಿಬೀಳ್ತೀವಿ ಅಂತ ನಿನಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ನಲ್ಲಿ ಹಾಕಿದ ತಕ್ಷಣವೇ ಗೊತ್ತಾಯ್ತು."

"ಮತ್ತೆ ಯಾಕೆ ಹೇಳಲಿಲ್ಲ?"

ಅವಳು ನನ್ನ ಕೈಯಿಂದ ಲೋಟ ತೆಗೆದುಕೊಂಡು ಎದ್ದಳು.

"ಅಟ್ಟದ ಬಾಗಿಲು ಇನ್ನೂ ಬಾಕಿ ಇತ್ತಲ್ಲರೀ."