ಬಾಗಿಲು ಬಡಿಯಲು ಬಾರದ ಗಾಯಕರು

ಇಂಗ್ಲೆಂಡಿನ ರಾಕ್ ಗಾಯಕರಿಗೆ ಬಾಗಿಲು ಬಡಿಯುವುದಕ್ಕೇ ಬರುವುದಿಲ್ಲ! ಈ ಸತ್ಯವನ್ನು ಮೊಟ್ಟಮೊದಲು ಕಂಡುಹಿಡಿದವರು ಲಂಡನ್ನಿನ ಪಂಡಿತರಲ್ಲ, ಮೊಳಕಾಲ್ಮೂರಿನ ನಮ್ಮ ಸೋದರಮಾವ. ರೇಷ್ಮೆ ಸೀರೆ ನೇಯುವವರಿಗೆ ಈ ಉಸಾಬರಿ ಯಾಕೆ ಬೇಕಿತ್ತು ಅಂತೀರಾ? ನಮ್ಮ ಅತ್ತೆಯೂ ಹಾಗೇ ಕೇಳುತ್ತಿದ್ದರು, ಇನ್ನೂ ಸ್ವಲ್ಪ ಖಾರವಾಗಿ.

ತೊಂಬತ್ತರ ದಶಕದ ಮಾತು. ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ನೋಡಲು ಬಂದಿದ್ದ ಬಿಳಿಯನೊಬ್ಬ ಸೀರೆ ಕೊಳ್ಳಲು ಮಾವನ ಮನೆಗೆ ಬಂದ. ಸೀರೆ ಒಯ್ದ, ತನ್ನ ವಾಕ್‌ಮನ್ನಿನಲ್ಲಿದ್ದ ಕ್ಯಾಸೆಟ್ಟನ್ನು ಪ್ರೀತಿಯಿಂದ ಕೊಟ್ಟು ಹೋದ. ಅದರಲ್ಲಿದ್ದವು ಬಿಡಿ ಹಾಡುಗಳಲ್ಲ, ಮೊದಲಿನಿಂದ ಕೊನೆಯವರೆಗೆ ಒಂದೇ ಕಥೆ. ಮನೆಯವರ ಜೊತೆ ಜಗಳವಾಡಿ ಹಡಗು ಹತ್ತಿದವನೊಬ್ಬ ತಲೆ ನರೆತ ಮೇಲೆ ವಾಪಸು ಬಂದು ಬಾಗಿಲು ಬಡಿಯುತ್ತಾನೆ. ಅಲ್ಲಿಗೆ ಕ್ಯಾಸೆಟ್ಟು ಮುಗಿಯುತ್ತದೆ. ಒಳಗಿದ್ದವರು ತೆಗೆದರೋ ಇಲ್ಲವೋ? ದೇವರಿಗೇ ಗೊತ್ತು! ಹೈಸ್ಕೂಲಿನ ಇಂಗ್ಲಿಷು ಮತ್ತು ಹರಕು ಡಿಕ್ಷನರಿಯ ಬಲದಿಂದ ಇಷ್ಟನ್ನು ಬಿಡಿಸಿಕೊಂಡ ಮಾವ, ಅವತ್ತಿನಿಂದ ನೆಮ್ಮದಿಯಾಗಿ ಉಣ್ಣಲಿಲ್ಲ.

ಅದಕ್ಕೆ ಕಾರಣವಿತ್ತು. ಮಾವನಿಗೆ ಒಬ್ಬನೇ ತಮ್ಮ. ಕರೆಂಟಿನ ಮಗ್ಗ ಹಾಕೋಣ ಎಂದು ತಮ್ಮ. ಅಪ್ಪನ ಕೈಮಗ್ಗ ಕದಲಿಸಿದರೆ ಕಾಲು ಮುರಿಯುತ್ತೇನೆ ಎಂದು ಅಣ್ಣ. ಕೊನೆಗೆ ಚಿಕ್ಕಮಾವ ಹೆಂಡತಿಯನ್ನು ಕಟ್ಟಿಕೊಂಡು ರಾಯದುರ್ಗಕ್ಕೆ ಹೋಗಿ ಪವರ್‌ಲೂಮ್ ಹಾಕಿದರು. ಆಂಧ್ರ ಅಂದರೆ ಬಹಳ ದೂರ ಅಂದುಕೊಳ್ಳಬೇಡಿ. ಬಸ್ಸಿನಲ್ಲಿ ಕೂತು ಒಂದು ಸಣ್ಣ ನಿದ್ದೆ ತೆಗೆಯುವಷ್ಟರಲ್ಲಿ ಬರುವ ಊರು. ಆದರೂ ವರ್ಷಗಟ್ಟಲೆ ಮಾತಿಲ್ಲ. “ಹೋದೋನು ಅವ್ನು. ಬಂದು ಬಾಗ್ಲು ಬಡೀಲಿ, ತೆಗೀತೀನಿ” ಎಂಬುದು ಮಾವನ ಹಠ. ಇಬ್ಬರ ನಡುವೆ ಸಿಕ್ಕಿಕೊಂಡು ಕಣ್ಣೀರು ಹಾಕುತ್ತಿದ್ದವಳು ಚಳ್ಳಕೆರೆಯಲ್ಲಿದ್ದ ಅವರ ಅಕ್ಕ, ಅಂದರೆ ನಮ್ಮವ್ವ.

ಈ ಕಥೆಯನ್ನು ಸ್ಟೇಜಿನ ಮೇಲೆ ಆಡಿದ ವಿಡಿಯೋಗಳೂ ಇವೆ ಎಂದು ಬಳ್ಳಾರಿಯ ಕ್ಯಾಸೆಟ್ ಅಂಗಡಿಯ ಸಾಹೇಬರು ಬಾಯಿಬಿಟ್ಟದ್ದೇ ತಡ, ಮಾವ ಅವರ ಬೆನ್ನು ಬಿದ್ದರು. “ಒಂದಲ್ಲ ಭಾಯ್, ಮೂರ್ ಐತೆ. ಯಾವ್ದು ಬೇಕು?” “ಮೂರೂ ತರಿಸ್ರಿ!” ಒಂದೇ ಕಥೆಯನ್ನು ಮೂರು ಸಲ ನೋಡುವುದೇ ಎಂದು ಬೇರೆ ಕಡೆಯವರು ಕೇಳಿಯಾರು, ನಮ್ಮ ಕಡೆಯವರು ಕೇಳುವುದಿಲ್ಲ. ಒಂದೇ ಪೌರಾಣಿಕ ನಾಟಕವನ್ನು ನಮ್ಮಲ್ಲಿ ಸುತ್ತಿನ ಎಲ್ಲ ಊರಿನವರೂ ಆಡುತ್ತಾರೆ. ಕಥೆ ಎಲ್ಲರಿಗೂ ಬಾಯಿಪಾಠ. ರಾಂಪುರದ ರಾಜ ಚೆನ್ನಾಗಿ ಅಬ್ಬರಿಸಿದನೋ, ಮೊಳಕಾಲ್ಮೂರಿನ ರಾಜನೋ ಎಂಬ ಚರ್ಚೆಯಲ್ಲೇ ಟೀ ಅಂಗಡಿಗಳು ಬದುಕಿರುವುದು.

ಪ್ರದರ್ಶನ ಅಮಾವಾಸ್ಯೆಗೆ ಮಾತ್ರ. ಅವತ್ತು ಮಗ್ಗಕ್ಕೆ ರಜೆ, ಮನೆಯಲ್ಲಿ ಲಾಳಿಯ ಸದ್ದಿರುವುದಿಲ್ಲ. ಕಾಲೇಜಿನಲ್ಲಿದ್ದ ನಾನು ಚಳ್ಳಕೆರೆಯಿಂದ ಬಸ್ಸು ಹತ್ತಿ ಬರಬೇಕಾದ ಕಡ್ಡಾಯ ಪ್ರೇಕ್ಷಕ. ಪೂಜೆಯಿಲ್ಲದೆ ನಾಟಕ ಶುರುವಾಗುವುದುಂಟೆ? ಟಿವಿಗೆ ಕುಂಕುಮ, ಊದಿನಕಡ್ಡಿ, ಎದುರಿಗೆ ಒಂದು ತೆಂಗಿನಕಾಯಿ. ಒಮ್ಮೆ ಕಾಯಿಯ ನೀರು ವಿಸಿಆರ್ ಒಳಗೆ ಚಿಮ್ಮಿ, ಗಾಯಕನಿಗೆ ಮೊದಲ ಹಾಡಿಗೇ ನೆಗಡಿ ಹತ್ತಿತು! ಹಾಡು ಹಿಡಿಸಿದರೆ ಮಾವ “ವನ್ಸ್ ಮೋರ್!” ಎಂದು ಕೂಗುವವರು, ಕೂಗಿ, ತಾವೇ ಎದ್ದು ರಿವೈಂಡ್ ಮಾಡುವವರು. ಹಡಗು ದಡ ಸೇರುವಷ್ಟರಲ್ಲಿ ನಮ್ಮ ಊಟದ ಹೊತ್ತು ಮೀರಿರುತ್ತಿತ್ತು.

“ಆ ಬಾಗ್ಲು ತೆಗೆದ್ರೇನು, ಬಿಟ್ರೇನು? ನಮ್ಮ ಹಿತ್ತಲ ಬಾಗ್ಲು ಕಿತ್ಕಂಡು ಬಿದ್ದೈತೆ, ಮೊದ್ಲು ಅದನ್ನ ನೋಡ್ರಿ!” ಎಂದು ಅತ್ತೆ ಅಡಿಗೆಮನೆಯಿಂದಲೇ ವಿಮರ್ಶೆ ಒಗೆಯುತ್ತಿದ್ದರು.

ಮಾವನ ವಿಮರ್ಶೆ ಬೇರೆ. ಮೊದಲನೆಯ ಪ್ರದರ್ಶನದಲ್ಲಿ ಗಾಯಕರೆಲ್ಲ ಹುಡುಗರು. ನಾಯಕ ಬಾಗಿಲಿಗೆ ದಬದಬ ಗುದ್ದುತ್ತಾನೆ, ಅದು ತಕ್ಷಣ ತೆರೆದುಕೊಳ್ಳುತ್ತದೆ. “ಇದೇನ್ ಬಡಿಯೋದೋ, ಪೊಲೀಸ್ನೋರು ಬಂದಂಗೆ! ಹೆದ್ರಿ ತೆಗೆದವ್ರೆ.” ಎರಡನೆಯದು ಭಾರಿ ಖರ್ಚಿನದು. ಸ್ಟೇಜಿನ ತುಂಬ ಪಿಟೀಲು, ಹೊಗೆ, ಕೋಟೆಯಂಥ ಬಾಗಿಲು. ಅದು ಕೊನೆಗೂ ತೆರೆಯುವುದಿಲ್ಲ. “ಆನೆ ತಳ್ಳಿದ್ರೂ ಅಲ್ಲಾಡಲ್ಲ ಅದು, ಮನುಷ್ಯರು ಎಲ್ಲಿ ತೆಗೀತಾರೆ?” ಮೂರನೆಯದರಲ್ಲಿ ಮೊದಲನೆಯದರ ಅದೇ ಗಾಯಕ, ಮುದುಕನಾಗಿದ್ದಾನೆ. ಒಂಟಿ ಕುರ್ಚಿ, ಬಾಗಿಲೇ ಇಲ್ಲ. ಗಿಟಾರಿನ ಹೊಟ್ಟೆಯ ಮೇಲೆ ಬೆರಳಿನಿಂದ ಟಕ್ ಟಕ್ ಎನ್ನಿಸಿ ಸುಮ್ಮನಾಗುತ್ತಾನೆ. ದೀಪ ಆರುತ್ತದೆ. “ಪಕ್ಕದ ಮನೆಗೆ ಹೆಪ್ಪಿಗೆ ಮಜ್ಜಿಗೆ ಕೇಳಕ್ಕೆ ಹೋದಂಗೆ ಬಡೀತಾನಲ್ಲೋ” ಎಂದು ಮಾವ ನಕ್ಕರು. ಆದರೆ ಮೂರನೆಯದಕ್ಕೆ ಮಾತ್ರ ಅವರು ಯಾವತ್ತೂ ವನ್ಸ್ ಮೋರ್ ಎಂದವರಲ್ಲ.

ಒಂದು ಅಮಾವಾಸ್ಯೆ ನನಗೆ ಹಸಿವು ತಡೆಯಲಿಲ್ಲ. “ಮಾವ, ಮೂರರಲ್ಲೂ ಹೋದೋನೇ ಬಂದು ಬಡೀತಾನೆ. ಮನೇಲಿದ್ದೋರು ಹೋಗಿ ಅವನ ಬಾಗ್ಲು ಬಡಿಯೋ ಥರ ಯಾರೂ ಆಡೇ ಇಲ್ವಾ?” ಎಂದುಬಿಟ್ಟೆ. ಮಾವ ಟಿವಿ ಆರಿಸಿದರು. ಅತ್ತೆ ಮಾತ್ರ ನನ್ನ ತಟ್ಟೆಗೆ ಎರಡು ಹೋಳಿಗೆ ಜಾಸ್ತಿ ಹಾಕಿದರು!

ಮುಂದಿನ ಅಮಾವಾಸ್ಯೆಗೆ ನಾನು ಹೋಗುವಷ್ಟರಲ್ಲಿ ಮಾವ ಇಸ್ತ್ರಿ ಮಾಡಿದ ಪಂಚೆ ಉಟ್ಟು ಬಾಗಿಲಲ್ಲೇ ನಿಂತಿದ್ದರು. “ನಡಿಯೋ, ರಾಯದುರ್ಗಕ್ಕೆ.” ಬಸ್ಸಿನಲ್ಲಿ ತಾಲೀಮು ಶುರುವಾಯಿತು. ಮುಂದಿನ ಸೀಟಿನ ಬೆನ್ನಿಗೆ ಒಮ್ಮೆ ಗಟ್ಟಿಯಾಗಿ, ಒಮ್ಮೆ ಮೆಲ್ಲಗೆ ಬಡಿದು ನೋಡಿದರು. ಆ ಸೀಟಿನಲ್ಲಿದ್ದ ಅಜ್ಜ ತಿರುಗಿ “ಏಮಿ ಸಾಮಿ?” ಎಂದು ಗದರಿದ ಮೇಲೆ ಕೈ ಮಡಚಿ ಕೂತರು.

ಚಿಕ್ಕಮಾವನ ಮನೆಯೊಳಗೆ ಪವರ್‌ಲೂಮ್ ಭೋರ್ಗರೆಯುತ್ತಿತ್ತು, ಅದಕ್ಕೆಲ್ಲಿಯ ಅಮಾವಾಸ್ಯೆ ರಜೆ! ಮೂರು ಪ್ರದರ್ಶನಗಳನ್ನು ಜಾಲಾಡಿದ್ದ ನಮ್ಮ ವಿಮರ್ಶಕರು ಕೈ ಎತ್ತಿದರು. ಬಡಿದದ್ದು ನನಗೇ ಕೇಳಿಸಲಿಲ್ಲ!

“ನಡಿಯೋ ಹೋಗಾಣ. ಬಂದಿದ್ವಲ್ಲ, ಸಾಕು” ಎಂದು ತಿರುಗಿಯೇಬಿಟ್ಟರು. ನಾನು ಅವರ ಹೆಗಲ ಟವೆಲ್ಲು ಹಿಡಿದು ಜಗ್ಗಿದೆ. ಇವತ್ತು ವಾಪಸು ಹೋದರೆ ಇವರು ಮತ್ತೆ ಬರುವವರಲ್ಲ ಎಂದು ನನಗೆ ನಿಜವಾಗಿಯೂ ಭಯವಾಗಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು. ಮಗ್ಗ ಗಕ್ಕನೆ ನಿಂತಿತು. ಮಾವ ನನ್ನ ಮುಖ ನೋಡಿದರು, ಮತ್ತೆ ಬಾಗಿಲು ಬಡಿದರು.

“ಎವರು?” ಒಳಗಿನಿಂದ ತೆಲುಗಿನಲ್ಲಿ ಚಿಕ್ಕಮಾವನ ದನಿ.

“ನಾನು.”

ಒಳಗೆ ಏನೋ ಕೆಳಗೆ ಬಿದ್ದ ಸದ್ದು. ಆಮೇಲೆ ಕನ್ನಡ ಕೇಳಿಸಿತು.

“ಅಣ್ಣಾ… ಅಗುಳಿ ಹಾಕಿಲ್ಲ. ತಳ್ಳು.”

ಮಾವ ತಳ್ಳಿದರು. ಚಿಕ್ಕಮಾವ ಕೈಯಲ್ಲಿ ನೂಲಿನ ಎಳೆ ಹಿಡಿದೇ ನಿಂತಿದ್ದರು, ಕೂದಲೆಲ್ಲ ಬೆಳ್ಳಗಾಗಿತ್ತು. “ಕರೆಂಟ್ ಹೋಯ್ತೇನೋ?” ಎಂದು ಕೇಳಿದ ಮಾವ, ತಮ್ಮನ ತಲೆ ಸವರಿ ಅತ್ತುಬಿಟ್ಟರು. ಚಿಕ್ಕಮಾವನೂ ಅತ್ತರು. ನಾನೇನು ಕಲ್ಲೇ? ನಾನೂ ಅತ್ತೆ.

ಸ್ವಲ್ಪ ಹೊತ್ತಿನಲ್ಲಿ ಕರೆಂಟು ಬಂದು ಮಗ್ಗ ತಾನಾಗಿ ದಡಬಡ ಶುರುವಾಯಿತು. ಚಿಕ್ಕಮಾವ ಎದ್ದು ಹೋಗಿ ಅದರ ಸ್ವಿಚ್ಚು ಆರಿಸಿ, ಅಣ್ಣನ ಪಕ್ಕದಲ್ಲಿ ಬಂದು ಕೂತರು.